ಹಾಡಿಗೆ ಬೇಡವಾದ ಹೆಸರು

ಕುರೇನೆ
ಒಲಿಂಪಿಯಾದ ಆಟ ಮುಗಿದ ಮುಂದಿನ ತಿಂಗಳು, ಎಳೆ ಚಂದ್ರ ಕಂಡ ಮಾರನೆಯ ದಿನ

ಸಿಕ್ಯೋನ್ ಊರಿನ ಕವಿ ಮೆಲಾಂತಾಸರಿಗೆ ಕುರೇನೆಯ ಅರ್ಖಿಪ್ಪಾಳ ನಮಸ್ಕಾರ.

ನೀವು ನನ್ನನ್ನು ಕಂಡವರಲ್ಲ. ಈ ಸಲ ಒಲಿಂಪಿಯಾದಲ್ಲಿ ಹುಡುಗರ ಕುಸ್ತಿ ಗೆದ್ದ ಫಿಲೋನ್ ನನ್ನ ಮಗ. ಗೆಲುವಿನ ಹಾಡು ಕಟ್ಟಲು ನನ್ನ ಮೈದುನ ದಾಮಿಸ್ ನಿಮಗೆ ಹೇಳಿ ಬಂದಿದ್ದಾರೆಂದು ತಿಳಿದು ಸಂತೋಷವಾಯಿತು. ನಿಮ್ಮ ಹಾಡು ಸಮುದ್ರ ದಾಟಿ ನಮ್ಮ ಅಂಗಳಕ್ಕೆ ಬರುವುದೆಂದರೆ ಸಣ್ಣ ಮಾತಲ್ಲ.

ಮದುವೆಯಾದ ಹೆಂಗಸರನ್ನು ಆ ಬಯಲಿಗೆ ಬಿಡುವುದಿಲ್ಲ. ಹಾಗಾಗಿ ಹೆತ್ತವಳಾದರೂ ಮಗನ ಗೆಲುವನ್ನು ಕಂಡವರ ಬಾಯಿಂದಲೇ ಕೇಳಬೇಕು. ಮಗನನ್ನು ಕೇಳಿದರೆ, "ಗೆದ್ದೆ ಕಣಮ್ಮ, ಅಷ್ಟೇ" ಎಂದು ರೊಟ್ಟಿ ಮುರಿಯುತ್ತಾನೆ. ಮೈದುನನನ್ನು ಕೇಳಿದರೆ ಅವರು ಅಲ್ಲಿ ಯಾರ ಜೊತೆ ಊಟ ಮಾಡಿದರು ಎಂಬ ಕಥೆಯೇ ಬರುತ್ತದೆ. ನೀವು ಅಖಾಡದ ಬಳಿಯೇ ಇದ್ದಿರಂತೆ. ಅವನು ಹೇಗೆ ಆಡಿದ ಎಂದು ನಾಲ್ಕು ಸಾಲು ಬರೆದರೆ ಉಪಕಾರವಾಗುತ್ತದೆ.

ಇನ್ನೊಂದು ಸಣ್ಣ ವಿಷಯ. ಹಾಡಿನಲ್ಲಿ ಹುಡುಗನ ತಂದೆಯ ಹೆಸರು ಬರುತ್ತದಲ್ಲವೇ? ನನ್ನ ಗಂಡನ ಹೆಸರು ಐಗ್ಲಾನೋರ್. ತೀರಿಕೊಂಡು ಬಹಳ ಕಾಲವಾಯಿತು. ಬರವಣಿಗೆಯಲ್ಲಿ ತಪ್ಪಾಗಬಾರದೆಂದು ತಿಳಿಸಿದೆ, ಬೇರೇನಿಲ್ಲ.

ಉತ್ತರವನ್ನು ಮನೆಗೆ ಕಳಿಸಬೇಡಿ. ದೆಮೆತರ್ ಗುಡಿಯ ಪೂಜಾರಿಣಿಯ ಹೆಸರಿಗೆ ಕಳಿಸಿ.

ಅರ್ಖಿಪ್ಪಾ

* * *

ಸಿಕ್ಯೋನ್
ದ್ರಾಕ್ಷಿ ತುಳಿಯುವ ತಿಂಗಳು, ಹುಣ್ಣಿಮೆ

ಅರ್ಖಿಪ್ಪಾ ಅಮ್ಮನವರಿಗೆ ಮೆಲಾಂತಾಸನ ನಮಸ್ಕಾರ.

ಪತ್ರ ಬಂತು. ಅಕ್ಷರ ಬಹಳ ಗಟ್ಟಿಯಾಗಿದೆ. ನಮ್ಮ ಕಡೆ ಹೆಂಗಸರ ಕೈಯಲ್ಲಿ ಇಂಥ ಅಕ್ಷರ ನಾನು ಕಂಡಿಲ್ಲ. ಬೇರೆಯವರು ಬರೆದುಕೊಟ್ಟಿದ್ದರೆ ಅವರಿಗೂ ನನ್ನ ನಮಸ್ಕಾರ ತಿಳಿಸಿ.

ಕುಸ್ತಿಯ ವಿಷಯ. ನಿಮ್ಮ ಮಗನನ್ನು ಮರೆಯುವುದು ಕಷ್ಟ. ಪಂದ್ಯಕ್ಕೆ ಮೊದಲು ಹಂದಿಯ ಮಾಂಸದ ಮೇಲೆ ಕೈಯಿಟ್ಟು ಆಣೆ ಮಾಡುವಾಗ ಬೇರೆ ಹುಡುಗರು ಬೆವರುತ್ತಿದ್ದರು, ಇವನು ಆಕಳಿಸಿದ. ಕೊನೆಯ ಪಂದ್ಯ ಆರ್ಗೋಸಿನ ಹುಡುಗನ ಮೇಲೆ. ಅವನು ಇವನಿಗಿಂತ ಗೇಣುದ್ದ ಎತ್ತರ. ಮೊದಲ ಸಲ ಫಿಲೋನನೇ ಬಿದ್ದ. ಆಮೇಲೆ ಮೂರು ಸಲವೂ ಆರ್ಗೋಸಿನವನ ಬೆನ್ನಿಗೇ ಮಣ್ಣು. ನಿಮ್ಮ ಹುಡುಗನಿಗೆ ಒಂದು ಕೆಟ್ಟ ಅಭ್ಯಾಸವಿದೆ. ಮೈಮೇಲೆ ಬೀಳುವ ಮುನ್ನ ತಲೆ ಓರೆ ಮಾಡಿ ಗದ್ದವನ್ನು ಎಡ ಹೆಗಲಿಗೆ ಒರೆಸಿಕೊಳ್ಳುತ್ತಾನೆ. ಬರುತ್ತಿದ್ದೇನೆ ನೋಡಿಕೋ ಎಂದು ಎದುರಾಳಿಗೆ ಹೇಳಿ ಕಳಿಸಿದ ಹಾಗೆ. ಬಿಡಿಸಲು ನೋಡಿ ಸೋತೆ ಎಂದು ಅವನ ಗರಡಿಯ ಗುರುವೇ ನನ್ನ ಬಳಿ ಗೊಣಗಿದ. ಆದರೂ ಗೆದ್ದ, ಅದೇ ಸೋಜಿಗ.

ತಂದೆಯ ಹೆಸರಿನ ವಿಷಯ. ಹಾಡು ಹೊಟ್ಟೆಯಲ್ಲಿರುವ ಕೂಸು. ಹುಟ್ಟುವ ಮುಂಚೆ ಕೈಕಾಲು ಎಣಿಸುವುದು ಒಳ್ಳೆಯದಲ್ಲ. ಗೆದ್ದವನ ತಂದೆಯ ಹೆಸರು ಹಾಡಿನಲ್ಲಿ ಬರುವುದು ವಾಡಿಕೆಯೇ. ಬಂದೇ ಬರುವ ಹೆಸರನ್ನು ಬರುತ್ತದಲ್ಲವೇ ಎಂದು ಕೇಳಲು ಸಮುದ್ರದಾಚೆಯಿಂದ ಒಬ್ಬರು ಗುಟ್ಟಾಗಿ ಪತ್ರ ಬರೆದರೆ ನನ್ನಂಥವನಿಗೆ ಏನನ್ನಿಸಬೇಕು, ನೀವೇ ಹೇಳಿ. ನಿಮ್ಮ ಮೈದುನರು ನನ್ನನ್ನು ಪರೀಕ್ಷೆ ಮಾಡುತ್ತಿದ್ದರೆ, ನಾನು ಬಾಯಿಬಡುಕನಲ್ಲ ಎಂದು ಅವರಿಗೆ ತಿಳಿಸಿ.

ಮೆಲಾಂತಾಸ್

* * *

ಕುರೇನೆ
ಹಡಗುಗಳನ್ನು ದಡಕ್ಕೆ ಎಳೆಯುವ ಮುಂಚಿನ ಅಮಾವಾಸ್ಯೆ

ಕವಿ ಮೆಲಾಂತಾಸರಿಗೆ ಅರ್ಖಿಪ್ಪಾಳ ನಮಸ್ಕಾರ.

ಅಕ್ಷರ ನನ್ನದೇ. ನಮ್ಮಪ್ಪನಿಗೆ ಗಂಡು ಮಕ್ಕಳಿರಲಿಲ್ಲ, ಓದಿ ಹೇಳಲು ಯಾರಾದರೂ ಬೇಕಿತ್ತು, ಕಲಿಸಿದರು. ನೀವು ನಂಬದಿದ್ದರೆ ನಾನು ಮಾಡುವುದೇನೂ ಇಲ್ಲ.

ಗದ್ದ ಒರೆಸಿಕೊಳ್ಳುವ ಆ ಸಾಲನ್ನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ಅದೊಂದನ್ನು ಬರೆದದ್ದಕ್ಕೆ ನಿಮ್ಮ ಉಳಿದ ಮಾತನ್ನೆಲ್ಲ ಕ್ಷಮಿಸಿದ್ದೇನೆ.

ಗುಟ್ಟು ಯಾಕೆ ಎಂದು ಕೇಳಿದಿರಿ. ಹೇಳುತ್ತೇನೆ. ಫಿಲೋನ್ ಹೊಟ್ಟೆಯಲ್ಲಿದ್ದಾಗಲೇ ನನ್ನ ಗಂಡ ಕುದುರೆಯಿಂದ ಬಿದ್ದು ತೀರಿಕೊಂಡರು. ಅಂದಿನಿಂದ ಅವರ ಕುದುರೆಗಳನ್ನು, ಮೇಯಿಸುವ ಬಯಲನ್ನು ದಾಮಿಸ್ ನೋಡಿಕೊಳ್ಳುತ್ತಿದ್ದಾರೆ. ಮುಂದಿನ ಬೇಸಿಗೆಗೆ ಹುಡುಗನಿಗೆ ವಯಸ್ಸು ತುಂಬುತ್ತದೆ. ಆಗ ಚಿಕ್ಕಪ್ಪನಾದವನು ಅವನ ಕೈ ಹಿಡಿದು ಕುಲದ ಹಿರಿಯರ ಮುಂದೆ ನಿಲ್ಲಿಸಿ, ಇವನು ನಮ್ಮವನು ಎಂದು ಹೇಳಬೇಕು. ಹೇಳಿದ ದಿನ ಬಯಲೂ ಕುದುರೆಯೂ ಫಿಲೋನನದು. ಹೇಳದಿದ್ದರೆ ಅವನು ಯಾರೂ ಅಲ್ಲ, ನಾನು ಏನು ಎಂಬುದನ್ನು ಊರು ಹೇಳುತ್ತದೆ.

ಇಷ್ಟು ವರ್ಷ ನಮ್ಮ ಮೈದುನರ ಬಾಯಲ್ಲಿ "ನಮ್ಮಣ್ಣನ ಮಗ" ಬಿಟ್ಟು ಬೇರೆ ಮಾತಿರಲಿಲ್ಲ. ಒಲಿಂಪಿಯಾದಿಂದ ಬಂದ ಮೇಲೆ "ಹುಡುಗ" ಎನ್ನುತ್ತಾರೆ. ಮೊನ್ನೆ ಊಟಕ್ಕೆ ಕೂತಾಗ, ಹಾಡು ಎಲ್ಲಿಗೆ ಬಂತು ಎಂದು ಕೇಳಿದೆ. ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಹೇಳಿದರು:

"ಬರುತ್ತೆ ಅತ್ತಿಗೆ, ಬರುತ್ತೆ. ಆದ್ರೆ ಹಾಡಲ್ಲಿ ನಮ್ಮಣ್ಣನ ಹೆಸ್ರು ಬೇಡ ಅಂದ್ಕೊಂಡಿದೀನಿ. ಸತ್ತೋರನ್ನ ಯಾಕೆ ಎಬ್ಬಿಸ್ಬೇಕು? ತಾತನ ಹೆಸ್ರು ಸಾಕಲ್ವಾ, ದೊಡ್ಡ ಹೆಸ್ರು."

ಹಾಡು ಒಂದು ಸಲ ಹಾಡಿ ಮುಗಿಯುವುದಲ್ಲ ಎಂದು ನಿಮಗೇ ಗೊತ್ತು. ಪ್ರತಿ ಹಬ್ಬದಲ್ಲಿ ಹಾಡುತ್ತಾರೆ, ಮೊಮ್ಮಕ್ಕಳು ಕಲಿಯುತ್ತಾರೆ. ಅದರಲ್ಲಿ ತಾತ ಇದ್ದು ಅಪ್ಪ ಇಲ್ಲದಿದ್ದರೆ ಜನ ಕೇಳುವುದು ಒಂದೇ ಪ್ರಶ್ನೆ. ಆ ಪ್ರಶ್ನೆಯನ್ನು ದಾಮಿಸ್ ತನ್ನ ಬಾಯಿಂದ ಕೇಳಬೇಕಾಗಿಲ್ಲ. ನಿಮ್ಮ ಬಾಯಿಂದ ಕೇಳಿಸುತ್ತಾರೆ.

ನಿಮಗೂ ಅವರು ಹೀಗೆಯೇ ಹೇಳಿದ್ದಾರೆಯೇ? ಹೌದು ಅಥವಾ ಇಲ್ಲ ಎಂದು ಒಂದು ಮಾತು ಬರೆಯಿರಿ. ಚಳಿಗಾಲಕ್ಕೆ ಮುಂಚೆ ಇದೇ ಕೊನೆಯ ಹಡಗು.

ಅರ್ಖಿಪ್ಪಾ

* * *

ಕುರೇನೆ
ಕಬ್ಬಕ್ಕಿಗಳು ಮರಳಿ ಬಂದ ತಿಂಗಳು

ಮೆಲಾಂತಾಸರಿಗೆ.

ಚಳಿಗಾಲವಿಡೀ ಕಾದೆ. ಸಮುದ್ರ ಮುಚ್ಚಿತ್ತು, ಒಪ್ಪುತ್ತೇನೆ. ಆದರೆ ಮೊನ್ನೆ ಮೊದಲ ಹಡಗು ಬಂತು. ಅದರಲ್ಲಿ ದಾಮಿಸರಿಗೆ ನಿಮ್ಮಿಂದ ಓಲೆ ಬಂತು, ಗುಡಿಗೆ ಏನೂ ಬರಲಿಲ್ಲ. ಅದನ್ನು ಓದಿ ಅವರು ಸಂಜೆಯವರೆಗೆ ಸಿಳ್ಳೆ ಹಾಕುತ್ತಾ ಓಡಾಡಿದರು. ಅವರು ಸಿಳ್ಳೆ ಹಾಕಿದ್ದನ್ನು ನಾನು ಈ ಮನೆಯಲ್ಲಿ ಕೇಳಿರಲಿಲ್ಲ.

ಅಲ್ಲಿಗೆ ಅರ್ಥವಾಯಿತು. ಯಾರು ಉಣ್ಣಲು ಇಕ್ಕುತ್ತಾರೋ ಅವರ ಹಾಡು.

ಅರ್ಖಿಪ್ಪಾ

* * *

ಸಿಕ್ಯೋನ್
ಸಮುದ್ರ ತೆರೆದ ಮೇಲಿನ ಮೊದಲ ಅಮಾವಾಸ್ಯೆ

ಅರ್ಖಿಪ್ಪಾ ಅಮ್ಮನವರಿಗೆ ಮೆಲಾಂತಾಸನ ನಮಸ್ಕಾರ.

ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ನೀವು ನನ್ನನ್ನು ಬೈದು ಮುಗಿಸಿರಬಹುದು. ಗುಡಿಗೆ ಹೋಗುವ ನಂಬಿಕೆಯ ಆಳು ಸಿಗದೆ ಒಂದು ಹಡಗು ಬಿಟ್ಟೆ.

ನಿಮ್ಮ ಪ್ರಶ್ನೆಗೆ ಉತ್ತರ: ಹೌದು. ನಿಮ್ಮ ಮೈದುನರು ಒಲಿಂಪಿಯಾದಲ್ಲೇ ಹೇಳಿದ್ದರು, ಆಮೇಲೆ ಬರೆದೂ ಕಳಿಸಿದರು. ಎರಡು ಬೇಡಿಕೆ. ಮೊದಲನೆಯದು, ಅಣ್ಣನ ವಿಷಯ ಎತ್ತಬಾರದು. ಎರಡನೆಯದು, ತಮ್ಮ ಬಗ್ಗೆ ಧಾರಾಳವಾಗಿ ಹಾಡಬೇಕು, ಹುಡುಗನನ್ನು ಅಲ್ಲಿಗೆ ಕರೆದೊಯ್ದವರು, ಎಲ್ಲದರಲ್ಲೂ ಪಕ್ಕದಲ್ಲಿ ನಿಂತವರು ತಾವೇ ಎಂದು. ಅಣ್ಣ ಯಾಕೆ ಬೇಡ ಎಂದು ಕೇಳಿದ್ದಕ್ಕೆ ನಕ್ಕು, "ಮನೆ ಮಾತು, ಬಿಡಿ ಕವಿಗಳೇ. ಹುಡುಗ ಹುಟ್ಟೋ ಹೊತ್ಗೆ ಅಣ್ಣ ಇರ್ಲಿಲ್ಲ. ಹೆಂಗಸರ ವಿಷ್ಯ ನಿಮಗ್ ಗೊತ್ತಲ್ಲ" ಎಂದರು. ನಾನು ಅವರಿಗೆ ಬರೆದ ಓಲೆಯಲ್ಲಿ, ಹಾಡು ಮುಗಿಯುತ್ತಾ ಬಂತು, ನಿಮ್ಮ ಹೊಗಳಿಕೆಗೆ ಕೊರತೆ ಇರುವುದಿಲ್ಲ ಎಂದಷ್ಟೇ ತಿಳಿಸಿದ್ದೇನೆ.

ಈಗ ನನ್ನ ಸರದಿ, ಬೇಸರಿಸಬೇಡಿ. ನಾನು ಹಾಡಿ ಹೊಟ್ಟೆ ಹೊರೆಯುವವನು, ಆದರೆ ಸುಳ್ಳು ಹಾಡಿದವನಲ್ಲ. ಹಾಡಿನ ದೇವಿಯರ ಮುಂದೆ ಅಷ್ಟು ಮಾತು ಕೊಟ್ಟಿದ್ದೇನೆ. ಇವರು ಅಪ್ಪ ಎಂದು ನಾನು ಹಾಡಿ, ನಾಳೆ ಅದು ಸುಳ್ಳಾದರೆ ನನ್ನ ಹಳೆಯ ಹಾಡುಗಳನ್ನೂ ಯಾರೂ ನಂಬುವುದಿಲ್ಲ. ನಿಮ್ಮ ಹಿಂದಿನ ಪತ್ರವನ್ನು ಮತ್ತೆ ಓದಿದೆ. ಮೈದುನರ ಬಗ್ಗೆ ಉದ್ದಕ್ಕೆ ಬರೆದಿದ್ದೀರಿ, ಕುಸ್ತಿಯಲ್ಲಿ ಗದ್ದ ಒರೆಸಿದ್ದಕ್ಕೆ ಬೆರಗುಪಟ್ಟಿದ್ದೀರಿ, ಅದು ಮಾತು ಮರೆಸುವ ತಂತ್ರವೇ ಎಂದೂ ಅನ್ನಿಸಿತು. ಆದರೆ ಅವನು ನನ್ನ ಗಂಡನ ಮಗ ಎಂದು ನೇರವಾಗಿ ಎಲ್ಲಿಯೂ ಬರೆದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಫಿಲೋನ್ ಐಗ್ಲಾನೋರನ ಮಗನೇ?

ಮೆಲಾಂತಾಸ್

* * *

ಕುರೇನೆ
ಅದೇ ತಿಂಗಳ ಕೊನೆ

ಮೆಲಾಂತಾಸರಿಗೆ.

ನಿಮ್ಮ ಪ್ರಶ್ನೆ ತಲುಪಿತು. ಅದಕ್ಕೆ ಉತ್ತರ ಬರೆಯುವುದಿಲ್ಲ. ಹಾಡು ಕಳಿಸುವುದು, ಬಿಡುವುದು ನಿಮ್ಮ ಇಷ್ಟ.

ಅರ್ಖಿಪ್ಪಾ

* * *

ಸಿಕ್ಯೋನ್
ಬಾರ್ಲಿ ಕೊಯ್ಲಿನ ಹೊತ್ತು

ಅರ್ಖಿಪ್ಪಾ ಅಮ್ಮನವರಿಗೆ ಮೆಲಾಂತಾಸನ ನಮಸ್ಕಾರ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇನೆ. ಕೇಳಿದೊಡನೆ ಬಾಗಿಲು ಹಾಕಿಕೊಳ್ಳುವವರನ್ನೂ ಕಂಡಿದ್ದೇನೆ. ನೀವು ಯಾವ ಪೈಕಿ ಎಂದು ನಾನು ಹೇಳಲಾರೆ. ಇನ್ನು ಕೇಳುವುದೂ ಇಲ್ಲ.

ಹಾಡು ಮುಗಿದಿದೆ. ನನ್ನ ಮೇಳಕ್ಕೆ ಕಲಿಸುವ ಸ್ತ್ರಾತೋನ್ ಅದನ್ನು ಬಾಯಲ್ಲಿ ತುಂಬಿಕೊಂಡು ಬರುತ್ತಿದ್ದಾನೆ. ನಿಮ್ಮ ಊರಿನ ಹುಡುಗರಿಗೆ ಅವನೇ ಕಲಿಸುತ್ತಾನೆ. ಕೊನೆಯ ಭಾಗವನ್ನು ಗುಡಿಯ ಹಿಂದಿನ ತೋಪಿನಲ್ಲಿ ಕಲಿಸಲು ಹೇಳಿದ್ದೇನೆ. ಹಾಡುವ ದಿನದವರೆಗೆ ಅದು ಯಾರ ಕಿವಿಗೂ ಬೀಳಬಾರದು, ನಿಮ್ಮ ಕಿವಿಗೂ. ಹಾಡುವ ದಿನ ಮೈದುನರನ್ನು ಮುಂದಿನ ಸಾಲಿನಲ್ಲೇ ಕೂರಿಸಿ. ಕುಲದ ಹಿರಿಯರು ಒಬ್ಬರೂ ತಪ್ಪದಂತೆ ಕರೆಸಿ. ಮೈದುನರು ಕೇಳಿದಂತೆಯೇ ಕಟ್ಟಿದ್ದೇನೆ, ಅವರ ಹೊಗಳಿಕೆ ಬೇಕಾದಷ್ಟಿದೆ.

ಮೆಲಾಂತಾಸ್

* * *

ಕುರೇನೆ
ಅಪೊಲೊ ದೇವರ ಬೇಸಿಗೆ ಹಬ್ಬ ಮುಗಿದ ಮೂರನೆಯ ದಿನ

ಕವಿ ಮೆಲಾಂತಾಸರಿಗೆ ಅರ್ಖಿಪ್ಪಾಳ ನಮಸ್ಕಾರ.

ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನಿಮ್ಮ ಕೊನೆಯ ಪತ್ರ ಓದಿ, ನೀವು ನನ್ನನ್ನು ಮಾರಿದಿರಿ ಎಂದೇ ತಿಳಿದೆ. "ಮೈದುನರು ಕೇಳಿದಂತೆಯೇ ಕಟ್ಟಿದ್ದೇನೆ" ಎಂಬ ಮಾತಿಗೆ ಬೇರೆ ಅರ್ಥ ಹೇಗೆ ಹೊಳೆಯಬೇಕು? ನಿಮ್ಮ ಸ್ತ್ರಾತೋನನನ್ನು ಗುಡಿಗೆ ಕರೆಸಿ ಕೇಳಿದೆ. ಅವನು ಅಂಜೂರ ತಿಂದ, ಮೀನು ತಿಂದ, ಇನ್ನೊಂದು ಬಟ್ಟಲು ಪಾಯಸ ಕೇಳಿ ತಿಂದ. ಕೊನೆಗೆ "ಅಮ್ಮ, ಬಾಯಿ ಬಿಟ್ರೆ ನಮ್ ಯಜಮಾನ್ರು ನಾಲಿಗೆ ಕಿತ್ತು ಕೈಗೆ ಕೊಡ್ತಾರೆ" ಎಂದು ಎದ್ದು ಹೋದ.

ಹಾಡನ್ನೇ ನಿಲ್ಲಿಸೋಣ ಎಂದುಕೊಂಡೆ. ಹಾಡಿನ ದಿನ ಗೆದ್ದು ತಂದ ಎಲೆಯ ಕಿರೀಟ ಮುಡಿಯಬೇಡ, ಅಂಗಳಕ್ಕೆ ಬರಬೇಡ ಎಂದು ಮಗನಿಗೆ ಹೇಳಿದೆ. ಚಿಕ್ಕಪ್ಪ ನಿನಗೆ ಒಳ್ಳೆಯದನ್ನು ಬಗೆಯುತ್ತಿಲ್ಲ ಎಂದೆ. ಅವನಿಗೆ ನಗು ಬಂತು. "ಅಲ್ಲಿ ಎಲ್ಲಾದಕ್ಕೂ ನನ್ ಪಕ್ಕ ನಿಂತಿದ್ದೇ ಚಿಕ್ಕಪ್ಪ ಕಣಮ್ಮ. ಸುಮ್ಮನೆ ಅನುಮಾನ ನಿಂಗೆ" ಎಂದ. ಎಲ್ಲದಕ್ಕೂ ಎಂದರೆ ಯಾವುದಕ್ಕೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಮಕ್ಕಳ ಮುಂದೆ ಅನುಮಾನದ ಮಾತು ಆಡಿದೆನಲ್ಲ ಎಂದು ನಾಚಿಕೊಂಡು ಸುಮ್ಮನಾದೆ. ಹೀಗಾಗಿ ನಿಮ್ಮ ಹಾಡು ಉಳಿಯಿತು.

ಹಬ್ಬದ ಸಂಜೆ ಅಂಗಳ ತುಂಬಿತ್ತು. ಹಿರಿಯರೆಲ್ಲ ಬಂದಿದ್ದರು. ಹೊಸ ನಿಲುವಂಗಿ ತೊಟ್ಟು ದಾಮಿಸ್ ಮುಂದಿನ ಸಾಲಿನ ನಡುವೆಯೇ ಕೂತರು, ನಾನು ಹೇಳಬೇಕಾಗಲಿಲ್ಲ. ನಾವು ಹೆಂಗಸರು ಒಳಬಾಗಿಲ ಹಿಂದೆ. ಜೋಡಿಕೊಳಲು ಶುರುವಾಯಿತು, ಹುಡುಗರು ಹೆಜ್ಜೆ ಹಾಕಿದರು. ಊರಿನ ಹೊಗಳಿಕೆ ಬಂತು, ನಮ್ಮ ಊಟೆಯ ನೀರಿನ ಹೊಗಳಿಕೆ ಬಂತು, ತಾತನ ಹೆಸರು ಬಂತು. ಅಪ್ಪನ ಹೆಸರು ಬರಲೇ ಇಲ್ಲ. ಹಿರಿಯರಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಬಾಗಿಲಿನ ಚೌಕಟ್ಟು ಹಿಡಿದುಕೊಂಡೆ. ಆಗ ದಾಮಿಸರ ಹೊಗಳಿಕೆ ಶುರುವಾಯಿತು. ಅವರು ಬಟ್ಟೆ ಸರಿಮಾಡಿಕೊಂಡು ನೆಟ್ಟಗೆ ಕೂತರು.

ದಾಮಿಸನೇ, ನಿನ್ನನ್ನು ಮರೆತರೆ ಹಾಡಿಗೆ ಪಾಪ.
ತಂದೆಯಿಲ್ಲದ ಹುಡುಗನ ಪಕ್ಕ ನಿಂತವನು ನೀನು.
ಆಣೆ ಕಾಯುವ ದೇವರು ಜ್ಯೂಸನ ಮುಂದೆ, ಕಡಿದ ಹಂದಿಯ ಮೇಲೆ
ಕೈಯಿಟ್ಟು ನೀನಾಡಿದ ಮಾತು ನಾಡಿಗೆಲ್ಲ ಕೇಳಿಸಿತು:
ಇವನು ನನ್ನ ಅಣ್ಣ ಐಗ್ಲಾನೋರನ ಮಗ.

ಆ ಆಣೆಯಲ್ಲಿ ಹುಡುಗನ ಜೊತೆ ತಂದೆಯೋ ತಂದೆಯ ತಮ್ಮನೋ ನಿಂತು, ಇವನು ನಮ್ಮ ಮನೆಯ ಮಗ ಎಂದು ಕೈಯಿಡಬೇಕಂತೆ. ಇಲ್ಲದಿದ್ದರೆ ಅಖಾಡಕ್ಕೆ ಇಳಿಸುವುದೇ ಇಲ್ಲವಂತೆ. ಆ ಬಯಲಿಗೆ ಕಾಲಿಡದ ನನಗೆ ಇದು ಹೇಗೆ ಗೊತ್ತಾಗಬೇಕು? ಕಿರೀಟ ಮನೆಗೆ ಬರಲಿ ಎಂಬ ಆಸೆಗೆ ನಮ್ಮ ಮೈದುನರು ದೇವರ ಮುಂದೆ ಆಡಿದ ಮಾತನ್ನು ಸಮುದ್ರದಾಚೆಯೇ ಬಿಟ್ಟು ಬಂದೆ ಎಂದುಕೊಂಡಿದ್ದರು. ನೀವು ಹೊಗಳಿಕೆಯಲ್ಲಿ ಸುತ್ತಿ ಮನೆಗೆ ತಲುಪಿಸಿದಿರಿ.

ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಹಾಗೆ ಅವರು ಕೂತಿದ್ದರು, ನುಂಗಲೂ ಆಗದು, ಉಗುಳಲೂ ಆಗದು. ಅಲ್ಲ ಎಂದರೆ ಜ್ಯೂಸನ ಮುಂದೆ ಸುಳ್ಳು ಆಣೆ ಮಾಡಿದವರಾಗುತ್ತಾರೆ, ಕಿರೀಟವೂ ಮರ್ಯಾದೆಯೂ ಹೋಗುತ್ತದೆ. ಎಲ್ಲರಿಗಿಂತ ಹಿರಿಯರಾದ ಮುದುಕರು ಕೋಲು ಕುಟ್ಟಿ, "ಶಾಭಾಸ್ ದಾಮಿಸ್. ಅಲ್ಲಿ ಹೇಳಿದ್ನ ಇಲ್ಲೂ ಒಂದ್ಸಲ ಹೇಳ್ಬಿಡಪ್ಪ, ನಮ್ ಕಿವಿಗೂ ಬೀಳ್ಲಿ" ಎಂದರು. ದಾಮಿಸ್ ಎದ್ದು ಹೇಳಿದರು. ಮೆಲ್ಲಗೆ ಹೇಳಿದರು, ಆದರೆ ಹೇಳಿದರು. ಮರುದಿನವೇ ಕುಲದ ಬಲಿಪೀಠದ ಮುಂದೆ ಫಿಲೋನನ ಕೈ ಹಿಡಿದು ನಿಲ್ಲಿಸಿದರು. ಬಯಲೂ ಕುದುರೆಯೂ ಈಗ ನನ್ನ ಮಗನದು. ನೀವು ಮಾಡಿದ ಉಪಕಾರವನ್ನು ನಾನಿರುವವರೆಗೆ ಮರೆಯುವುದಿಲ್ಲ.

ಇಷ್ಟು ನಿಮಗೆ ಸಲ್ಲಬೇಕಾದದ್ದು. ಇನ್ನು ನನಗೆ ಸಲ್ಲಬೇಕಾದದ್ದು.

ಅಂಗಳವೆಲ್ಲ ಚಪ್ಪಾಳೆ ಹೊಡೆಯುವಾಗ ನಾನೊಬ್ಬಳೇ ಒಂದನ್ನು ಗಮನಿಸಿದೆ. ಫಿಲೋನ್ ಐಗ್ಲಾನೋರನ ಮಗ ಎಂದು ನೀವು ಹಾಡಿಲ್ಲ. ಹಾಗೆಂದು ದಾಮಿಸ್ ಆಣೆ ಮಾಡಿದರು ಎಂದು ಹಾಡಿದ್ದೀರಿ. ನಾಳೆ ಸುಳ್ಳಾದರೂ ಸುಳ್ಳು ದಾಮಿಸರದು, ನಿಮ್ಮದಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನನಗೆ ದ್ರೋಹ ಬಗೆದವನ ಆಣೆಯನ್ನು ನಂಬಿದಿರಿ, ನನ್ನನ್ನು ನಂಬಲಿಲ್ಲ.

ನೀವು ಕೇಳಿದ ಪ್ರಶ್ನೆಯನ್ನು ನನ್ನ ಗಂಡ ಕೇಳಿರಲಿಲ್ಲ. ದಾಮಿಸ್ ಕೂಡ ನನ್ನ ಮುಖ ನೋಡಿ ಕೇಳಿರಲಿಲ್ಲ. ನೀವು ಕೇಳಿದಿರಿ. ಉತ್ತರ ಬರೆಯದಿದ್ದದ್ದು ಉತ್ತರ ಇಲ್ಲದೆ ಅಲ್ಲ, ನಿಮ್ಮ ಮುಂದೆ ಕೈಯೊಡ್ಡಿ ನಂಬಿ ಎಂದು ಬೇಡಲು ಮನಸ್ಸಾಗಲಿಲ್ಲ. ಇವತ್ತು ಬೇಡುವುದು ಏನೂ ಇಲ್ಲವಾದ್ದರಿಂದ ಹೇಳುತ್ತೇನೆ.

ಐಗ್ಲಾನೋರ್ ಕೂಡ ಕುಸ್ತಿ ಆಡುತ್ತಿದ್ದರು. ಊರ ಗರಡಿಯಲ್ಲಷ್ಟೇ, ಹೆಸರು ಮಾಡಿದವರಲ್ಲ. ಎದುರಾಳಿಯ ಮೇಲೆ ಬೀಳುವ ಮುನ್ನ ತಲೆ ಓರೆ ಮಾಡಿ ಗದ್ದವನ್ನು ಎಡ ಹೆಗಲಿಗೆ ಒರೆಸಿಕೊಳ್ಳುತ್ತಿದ್ದರಂತೆ, ಜೊತೆಯವರು ಹೇಳಿ ನಗುತ್ತಿದ್ದರು. ಕುದುರೆ ಹತ್ತುವಾಗಲೂ ಹಾಗೆಯೇ. ನನ್ನ ಜೊತೆ ಜಗಳ ಶುರು ಮಾಡುವಾಗಲೂ ಹಾಗೆಯೇ, ನನಗೆ ನಗು ಬಂದು ಜಗಳ ಅಲ್ಲಿಗೇ ನಿಲ್ಲುತ್ತಿತ್ತು. ಫಿಲೋನ್ ಅವರ ಮುಖ ಕಂಡವನಲ್ಲ. ಗರಡಿಗೆ ಹೆಂಗಸರು ಹೋಗುವಂತಿಲ್ಲ, ಹಾಗಾಗಿ ಅವನು ಅಖಾಡದಲ್ಲಿ ಏನು ಮಾಡುತ್ತಾನೆಂದು ನಾನು ಕಂಡವಳಲ್ಲ, ಮನೆಯಲ್ಲಿ ಹಾಗೆ ಮಾಡಿದ್ದೂ ಇಲ್ಲ. ಅದನ್ನು ನನಗೆ ಮೊದಲು ಹೇಳಿದವರು ನೀವು. ನಿಮ್ಮ ಮೊದಲ ಪತ್ರವನ್ನು ಗುಡಿಯ ಮೆಟ್ಟಿಲ ಮೇಲೆ ಕೂತು ಓದಿ ಅತ್ತೆ. ಅದಕ್ಕೇ ಎಷ್ಟು ಸಲ ಓದಿದೆನೋ ಗೊತ್ತಿಲ್ಲ ಎಂದು ಬರೆದಿದ್ದು. ನೀವು ಅದನ್ನು ಮಾತು ಮರೆಸುವ ತಂತ್ರ ಎಂದಿರಿ.

ಬಲಿಪೀಠದ ಮುಂದೆಯೂ ಹುಡುಗ ಹೆಜ್ಜೆ ಮುಂದಿಡುವ ಮುನ್ನ ಗದ್ದ ಒರೆಸಿಕೊಂಡನಂತೆ. ಆ ಕೋಲಿನ ಮುದುಕರು, "ಅಯ್ಯೋ, ಐಗ್ಲಾನೋರ್ ಬಂದ ಕಣ್ರೋ" ಎಂದು ಅತ್ತೇಬಿಟ್ಟರಂತೆ. ಸಾಕ್ಷಿ ಮೊದಲಿನಿಂದ ನಿಮ್ಮ ಕೈಯಲ್ಲೇ ಇತ್ತು, ಮೆಲಾಂತಾಸರೇ. ನಿಮ್ಮ ಕಣ್ಣೇ ಕಂಡಿತ್ತು. ಅದೊಂದು ಕೆಟ್ಟ ಅಭ್ಯಾಸ ಎಂದು ಬರೆದು ಮುಗಿಸಿದಿರಿ.

ಮುಂದಿನ ಹಬ್ಬಕ್ಕೂ ಹುಡುಗರು ಈ ಹಾಡು ಹಾಡುತ್ತಾರೆ. ದಾಮಿಸರ ಸಾಲು ಹಾಗೆಯೇ ಇರಲಿ, ಅವರ ಬಾಯಿಗೆ ಬೀಗ ಬೇಕು. ನಿಮ್ಮ ಬಾಯಿಂದ ಬರಬೇಕಾದದ್ದನ್ನು ಏನು ಮಾಡುತ್ತೀರೋ ನೀವೇ ನೋಡಿ.

ಅರ್ಖಿಪ್ಪಾ

* * *

ಸಿಕ್ಯೋನ್
ಹಡಗುಗಳನ್ನು ದಡಕ್ಕೆ ಎಳೆಯುವ ಮುಂಚಿನ ಅಮಾವಾಸ್ಯೆ

ಐಗ್ಲಾನೋರನ ಹೆಂಡತಿ, ಫಿಲೋನನ ತಾಯಿ ಅರ್ಖಿಪ್ಪಾ ಅಮ್ಮನವರಿಗೆ ಮೆಲಾಂತಾಸನ ನಮಸ್ಕಾರ.

ಕೇಳಬಾರದ್ದನ್ನು ಕೇಳಿದೆ, ತಪ್ಪಾಯಿತು. ಕಣ್ಣ ಮುಂದೆ ಇದ್ದುದನ್ನು ಕಾಣಲಿಲ್ಲ, ಅದು ಇನ್ನೂ ದೊಡ್ಡ ತಪ್ಪು.

ಕೊನೆಯ ಹಡಗಿನಲ್ಲಿ ಸ್ತ್ರಾತೋನ್ ಮತ್ತೆ ಬರುತ್ತಿದ್ದಾನೆ. ಎರಡು ಸಾಲು ಕಲಿಸಿ ಕಳಿಸಿದ್ದೇನೆ. ನಿಮ್ಮ ಮೈದುನರ ಸಾಲಿಗಿಂತ ಮೊದಲು ಇದನ್ನು ಹಾಡಬೇಕು. ಈ ಸಲ ಗುಟ್ಟೇನೂ ಇಲ್ಲ. ಮೊದಲು ನಿಮಗೆ ಹಾಡಿ ತೋರಿಸಲು ಹೇಳಿದ್ದೇನೆ. ಪಾಯಸ ಕೊಡಬೇಡಿ, ಗಂಟಲು ಕಟ್ಟುತ್ತದೆ.

ಎಡ ಹೆಗಲಿಗೆ ಗದ್ದವೊರೆಸಿ ಅಖಾಡಕ್ಕಿಳಿದವನು
ಐಗ್ಲಾನೋರನ ಮಗ. ಯಾರ ಆಣೆಯೂ ಬೇಡ, ನಾನೇ ಕಂಡೆ.

ಮೆಲಾಂತಾಸ್